ಗೆಳೆಯರೊಂದಿಗೆ ವಾರಾಂತ್ಯದ ಸ್ಕೀ ಟೂರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂನಿಕ್‌ನಲ್ಲಿ ನೆಲೆಸಿರುವ ನಾವು ನಾಲ್ವರು ಗೆಳೆಯರು ಪ್ರತಿ ಚಳಿಗಾಲದಲ್ಲಿ ಒಂದೆರಡು ವಾರಾಂತ್ಯಗಳನ್ನು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಸ್ಟುಬಾಯ್ ಪರ್ವತಗಳಲ್ಲಿ ಕಳೆಯುತ್ತೇವೆ. ನಮ್ಮಲ್ಲಿ ಮೂವರು ಕನ್ನಡಿಗರು, ಒಬ್ಬರು ಬವೇರಿಯಾದವರು. ಹೋಗಿ ಬಂದಾಗಲೆಲ್ಲ ಊರಿನ ಬಂಧುಗಳಿಂದಲೂ ಇಲ್ಲಿನ ಕನ್ನಡದ ಪರಿಚಿತರಿಂದಲೂ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವುಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟುಕೊಂಡು ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಯಾರೂ ತರಬೇತಿಯಿಲ್ಲದೆ ಹೊರಡಬಾರದು. ತರಬೇತಿಗೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಇದು ನೆರವಾದೀತು.

## ಮೊದಲು ತಿಳಿಯಬೇಕಾದದ್ದು

ಸ್ಕೀ ಟೂರಿಂಗ್ ಅಂದರೆ ಟ್ರೆಕ್ಕಿಂಗಾ, ಸ್ಕೀಯಿಂಗಾ?

ಹತ್ತುವಾಗ ಟ್ರೆಕ್ಕಿಂಗ್, ಇಳಿಯುವಾಗ ಸ್ಕೀಯಿಂಗ್. ಸ್ಕೀ ರೆಸಾರ್ಟಿನಲ್ಲಿ ಲಿಫ್ಟ್ ನಿಮ್ಮನ್ನು ಮೇಲಕ್ಕೆ ಒಯ್ಯುತ್ತದೆ, ಯಂತ್ರದಿಂದ ಹದಗೊಳಿಸಿದ ಇಳಿಜಾರಿನಲ್ಲಿ ನೀವು ಜಾರಿ ಬರುತ್ತೀರಿ. ಇಲ್ಲಿ ಲಿಫ್ಟೂ ಇಲ್ಲ, ಹದಗೊಳಿಸಿದ ದಾರಿಯೂ ಇಲ್ಲ. ಸ್ಕೀಯ ಅಡಿಗೆ ‘ಸ್ಕಿನ್’ ಎಂಬ ಉದ್ದನೆಯ ಪಟ್ಟಿಯನ್ನು ಅಂಟಿಸಿಕೊಂಡು, ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಸಿಕ್ಕಿಕೊಂಡು ಹಿಮ್ಮಡಿ ಸಡಿಲವಾಗಿರುವಂತೆ ಮಾಡಿಕೊಂಡು, ಗಂಟೆಗಟ್ಟಲೆ ನಡೆದು ಹತ್ತಬೇಕು. ಸ್ಕಿನ್ನಿನ ಕೂದಲು ಹಿಂದಕ್ಕೆ ಬಾಗಿರುತ್ತದೆ. ಹಸುವಿನ ಬೆನ್ನನ್ನು ಕೂದಲಿನ ದಿಕ್ಕಿನಲ್ಲಿ ಸವರಿದರೆ ಕೈ ನುಣ್ಣಗೆ ಜಾರುತ್ತದೆ, ಎದುರು ಸವರಿದರೆ ತಡೆಯುತ್ತದೆಯಲ್ಲ, ಅದೇ ಗುಣದಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಹಿಂದೆ ಇದನ್ನು ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದರು. ಈಗ ಮೊಹೇರ್ ಎಂಬ ಮೇಕೆಯ ಕೂದಲು, ನೈಲಾನ್, ಇಲ್ಲವೇ ಎರಡರ ಮಿಶ್ರಣದಿಂದ ಮಾಡುತ್ತಾರೆ. ಮೇಲೆ ತಲುಪಿದ ಮೇಲೆ ಸ್ಕಿನ್ ಕಿತ್ತು, ಹಿಮ್ಮಡಿಯನ್ನು ಬಿಗಿದು, ಹತ್ತಿದ್ದನ್ನು ಇಳಿಯುತ್ತೀರಿ. ಮೂರು ಗಂಟೆ ಹತ್ತಿದ್ದು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ನನಗೆ ಸ್ಕೀಯಿಂಗ್ ಬರೋಲ್ಲ, ಆದರೆ ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿಳಿದಿದ್ದೇನೆ. ನಿಮ್ಮ ಜೊತೆ ಬರಬಹುದಾ?

ಕುಕ್ಕೆಯಿಂದ 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಒಂದೇ ದಿನದಲ್ಲಿ ಹೋಗಿಬಂದವರ ಕಾಲಿನ ಬಲದ ಬಗ್ಗೆ ನನಗೆ ಅನುಮಾನವಿಲ್ಲ. ನಮ್ಮ ಒಂದು ದಿನದ ಹತ್ತುವಿಕೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ. ಕೊರತೆ ಬೀಳುವುದು ಇಳಿಯುವಾಗ. ರೆಸಾರ್ಟಿನ ಹದವಾದ ಹಿಮದಲ್ಲಿ ಕೆಂಪು ಗುರುತಿನ, ಅಂದರೆ ಮಧ್ಯಮ ಮಟ್ಟದ, ಯಾವ ಇಳಿಜಾರನ್ನಾದರೂ ಬೀಳದೆ ಇಳಿಯಬಲ್ಲವರು ಮಾತ್ರ ಟೂರಿಂಗ್ ಕಲಿಯಲು ಸಿದ್ಧರಾಗಿದ್ದಾರೆ ಎನ್ನಬಹುದು. ಏಕೆಂದರೆ ಪರ್ವತದ ಮೇಲೆ ಸಿಗುವ ಹಿಮ ಒಂದು ತಿರುವಿನಲ್ಲಿ ಪುಡಿಯಾಗಿದ್ದು ಮುಂದಿನ ತಿರುವಿನಲ್ಲಿ ಒಡೆಯುವ ಹಪ್ಪಳದಂತಿರುತ್ತದೆ, ಮತ್ತು ಅಷ್ಟರಲ್ಲಿ ಕಾಲು ಆಗಲೇ ಸೋತಿರುತ್ತದೆ. ಮೂವತ್ತು ದಾಟಿದ ಮೇಲೆ ಸ್ಕೀಯಿಂಗ್ ಕಲಿತ ನಮ್ಮಂಥವರಿಗೆ ಈ ಹಂತ ತಲುಪಲು ಮೂರು ಚಳಿಗಾಲ ಬೇಕಾಯಿತು. ಅವಸರ ಮಾಡದಿದ್ದದ್ದು ಒಳ್ಳೆಯದೇ ಆಯಿತು.

ಹಿಮ ಕಾಣದ ನಾಡಿನವರಿಗೆ ಇದು ಒಗ್ಗದು ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ.

ಎಲ್ಲಿ ಉಳಿಯುತ್ತೀರಿ, ಅಲ್ಲಿಗೆ ಹೋಗೋದು ಹೇಗೆ?

ನಾವು ಹೆಚ್ಚಾಗಿ ಹೋಗುವುದು ಫ್ರಾಂಟ್ಸ್ ಸೆನ್ ಹ್ಯುಟ್ಟೆಗೆ. ಪರ್ವತದ ಮೇಲಿನ ವಸತಿಗೃಹವನ್ನು ಜರ್ಮನ್ ಭಾಷೆಯಲ್ಲಿ ಹ್ಯುಟ್ಟೆ ಎನ್ನುತ್ತಾರೆ. ಪದದ ಅರ್ಥ ಗುಡಿಸಲು ಎಂದಾದರೂ ಇದು ನೂರಕ್ಕೂ ಹೆಚ್ಚು ಜನ ಮಲಗಬಹುದಾದ ಗಟ್ಟಿಮುಟ್ಟಾದ ಕಟ್ಟಡ. 2,147 ಮೀಟರ್ ಎತ್ತರದಲ್ಲಿರುವ ಇದನ್ನು 1885ರಲ್ಲಿ ಕಟ್ಟಲಾಯಿತು. ಅದಕ್ಕೆ ಹೆಸರು ಬಂದದ್ದು ಫ್ರಾಂಟ್ಸ್ ಸೆನ್ (1831–1884) ಎಂಬ ಪಾದ್ರಿಯಿಂದ. ಬಡ ಕಣಿವೆಗಳ ಜನರಿಗೆ ಪರ್ವತಾರೋಹಿಗಳಿಂದ ಜೀವನೋಪಾಯ ದೊರೆಯಲಿ ಎಂದು ದಾರಿಗಳನ್ನು ಮಾಡಿಸಿ, ಸ್ಥಳೀಯರನ್ನು ಮಾರ್ಗದರ್ಶಕರನ್ನಾಗಿ ಬೆಳೆಸಿದ ಇವರನ್ನು ಇಂದಿಗೂ ‘ಹಿಮನದಿಯ ಪಾದ್ರಿ’ ಎಂದು ಕರೆಯುತ್ತಾರೆ. 1869ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ಆಲ್ಪೈನ್ ಕ್ಲಬ್ಬನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು.

ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ರೈಲಿನಲ್ಲಿ ಎರಡು ಗಂಟೆಗೂ ಕಡಿಮೆ. ಅಲ್ಲಿಂದ ನಾಯ್‌ಸ್ಟಿಫ್ಟ್‌ಗೆ ಬಸ್ಸು, ನಂತರ ಓಬರ್‌ಬೆರ್ಗ್ ಕಣಿವೆಯೊಳಕ್ಕೆ ಟ್ಯಾಕ್ಸಿ. ರಸ್ತೆ ಎಲ್ಲಿಯವರೆಗೆ ತೆರೆದಿದೆ ಎಂಬುದು ಆ ವಾರದ ಹಿಮದ ಮೇಲೆ ನಿಂತಿರುವುದರಿಂದ ಹೊರಡುವ ಮುನ್ನ ಹ್ಯುಟ್ಟೆಗೆ ಫೋನ್ ಮಾಡಿ ವಿಚಾರಿಸುತ್ತೇವೆ. 1,745 ಮೀಟರ್ ಎತ್ತರದ ಓಬರಿಸ್ ಎಂಬ ಬೇಸಿಗೆಯ ಹುಲ್ಲುಗಾವಲಿನಿಂದ ಮುಂದೆ ನಾನೂರು ಮೀಟರ್ ಹತ್ತುವುದಂತೂ ತಪ್ಪಿದ್ದಲ್ಲ. ಜರ್ಮನಿಯಲ್ಲಿರುವ ಭಾರತೀಯರು ಪಾಸ್‌ಪೋರ್ಟನ್ನೂ ವಾಸದ ಪರವಾನಗಿಯ ಕಾರ್ಡನ್ನೂ ಒಯ್ಯಬೇಕು. ಹಿಂದಿರುಗುವ ರೈಲಿನಲ್ಲಿ ಗಡಿ ಪೊಲೀಸರು ಕೇಳುವುದುಂಟು.

ಡಿಸೆಂಬರ್ ರಜೆಯಲ್ಲೇ ಬರಬಹುದಾ?

ಬೇಡ. ಆಗ ಹಗಲು ಚಿಕ್ಕದು, ಹಿಮದ ಹೊದಿಕೆ ತೆಳುವಾಗಿ ಬಂಡೆಗಳು ಅಡಿಯಲ್ಲೇ ಅಡಗಿರುತ್ತವೆ, ಮತ್ತು ಈ ಎತ್ತರದ ಬಹುತೇಕ ಹ್ಯುಟ್ಟೆಗಳು ಚಳಿಗಾಲದ ಹಂಗಾಮಿಗೆ ಬಾಗಿಲು ತೆರೆಯುವುದೇ ಫೆಬ್ರುವರಿಯ ನಂತರ. ಮಾರ್ಚ್ ಮತ್ತು ಏಪ್ರಿಲ್ ನಮ್ಮ ತಿಂಗಳುಗಳು. ಏಪ್ರಿಲ್‌ನಲ್ಲಿ ರಾತ್ರಿ ಗಟ್ಟಿಯಾದ ಹಿಮ ಬೆಳಗಿನ ಬಿಸಿಲಿಗೆ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕರಗಿ ದಪ್ಪ ಸಕ್ಕರೆಯ ಹರಳಿನಂತಾಗುತ್ತದೆ. ಇದನ್ನು ‘ಫಿರ್ನ್’ ಎನ್ನುತ್ತಾರೆ. ಹೊಸದಾಗಿ ಟೂರಿಂಗ್‌ಗೆ ಬಂದವರಿಗೆ ಇದಕ್ಕಿಂತ ಸಲೀಸಾದ ಹಿಮ ಇನ್ನೊಂದಿಲ್ಲ. ಆದರೆ ಅದು ಒಂದೆರಡು ಗಂಟೆ ಮಾತ್ರ ಇರುತ್ತದೆ. ಅದಕ್ಕಾಗಿ ಬೆಳಿಗ್ಗೆ ಐದಕ್ಕೆ ಏಳಬೇಕು.

ಭಾರತದಲ್ಲೇ ಇದನ್ನು ಮಾಡಲಾಗದೆ?

ಖಂಡಿತ ಮಾಡಬಹುದು. ಕಾಶ್ಮೀರದ ಗುಲ್‌ಮಾರ್ಗ್‌ನ ಸುತ್ತ ಟೂರಿಂಗ್ ನಡೆಯುತ್ತಿದೆ. ಅಲ್ಲಿಯ ಗೊಂಡೋಲಾ, ಅಂದರೆ ಕೇಬಲ್ ಕಾರು, ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ, ಹಿಮವೂ ಧಾರಾಳ. ಆದರೆ ಆಲ್ಪ್ಸ್‌ನಲ್ಲಿರುವಂತೆ ಒಂದು ದಿನದ ನಡಿಗೆಯ ಅಂತರದಲ್ಲಿ ಊಟ, ಹಾಸಿಗೆ ಸಿಗುವ ಹ್ಯುಟ್ಟೆಗಳ ಸರಣಿ ಅಲ್ಲಿಲ್ಲ. ಗೊಂಡೋಲಾ ಇಳಿದು ಸ್ಕೀ ರೆಸಾರ್ಟಿನ ಎಲ್ಲೆ ದಾಟಿದೊಡನೆ ನೀವಿರುವುದು ಹಿಮಕುಸಿತದ ಭೂಮಿಯಲ್ಲಿ. ಆದ್ದರಿಂದ ಸ್ಥಳೀಯ ಗೈಡ್ ಇಲ್ಲದೆ ಹೋಗಬಾರದು.

## ಸಾಮಾನು ಸರಂಜಾಮು

ಏನೇನು ಬೇಕು? ಎಲ್ಲ ಕೊಳ್ಳಬೇಕಾ?

ಸ್ಕೀ, ಬೂಟು, ಸ್ಕಿನ್‌ಗಳನ್ನು ಮೊದಲೆರಡು ಸಲ ಬಾಡಿಗೆಗೆ ತೆಗೆದುಕೊಳ್ಳಿ. ಟೂರಿಂಗ್ ಸ್ಕೀಯ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬೇರೆಯೇ ಬಗೆಯದು. ಬೂಟಿನ ತುದಿಯ ಎರಡು ಪಕ್ಕದ ಸಣ್ಣ ಗುಳಿಗಳಿಗೆ ಎರಡು ಪಿನ್ನುಗಳು ಕಚ್ಚಿಕೊಳ್ಳುವ ಈ ವಿನ್ಯಾಸವನ್ನು 1980ರ ದಶಕದಲ್ಲಿ ರೂಪಿಸಿದವರು ಆಸ್ಟ್ರಿಯಾದವರೇ ಆದ ಫ್ರಿಟ್ಜ್ ಬಾರ್ಟೆಲ್. ಅದರಿಂದಾಗಿ ಪ್ರತಿ ಹೆಜ್ಜೆಗೂ ಎತ್ತಬೇಕಾದ ಭಾರ ಬಹಳ ಇಳಿಯಿತು. ಜೊತೆಗೆ ಬೆಳಗಿನ ಗಟ್ಟಿ ಹಿಮಕ್ಕೆ ಸ್ಕೀಯ ಅಡಿಗೆ ಹಾಕಿಕೊಳ್ಳುವ ಹಲ್ಲಿನ ಲೋಹದ ಪಟ್ಟಿ ಬೇಕು. ಇದನ್ನು ಮರೆತು ಬಂದವರು ಅರ್ಧ ದಾರಿಯಿಂದ ಹಿಂದಿರುಗಿದ್ದನ್ನು ನೋಡಿದ್ದೇನೆ.

ಬೂಟನ್ನು ಮಾತ್ರ ಬೇಗ ಸ್ವಂತದ್ದು ಕೊಳ್ಳುವುದು ಒಳ್ಳೆಯದು. ನಮ್ಮವರಲ್ಲಿ ಎಷ್ಟೋ ಜನರ ಪಾದ ಮುಂಭಾಗದಲ್ಲಿ ಅಗಲ. ಅಂಗಡಿಯಲ್ಲಿ ಬೂಟಿನ ಒಳಪದರವನ್ನು ಬಿಸಿ ಮಾಡಿ ಪಾದದ ಆಕಾರಕ್ಕೆ ಕೂರಿಸಿಕೊಡುತ್ತಾರೆ. ಆ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ.

ಇವೆಲ್ಲಕ್ಕಿಂತ ಮೊದಲು, ಪ್ರತಿಯೊಬ್ಬರ ಬಳಿಯೂ ಮೂರು ವಸ್ತುಗಳಿರಲೇಬೇಕು: ಹಿಮಕುಸಿತದ ಟ್ರಾನ್ಸೀವರ್ (ಹಿಮದಡಿ ಸಿಕ್ಕಿಕೊಂಡವರನ್ನು ಪತ್ತೆಹಚ್ಚಲು ರೇಡಿಯೋ ಸಂಕೇತ ಕಳುಹಿಸುವ ಮತ್ತು ಹಿಡಿಯುವ ಸಾಧನ), ಶೋಧನೆಯ ಮಡಚುವ ಕೋಲು, ಲೋಹದ ಸಲಿಕೆ. ಗುಂಪಿಗೆ ಒಂದು ಸಲಿಕೆ ಸಾಕು ಎನ್ನುವವರು ಆ ಸಲಿಕೆ ಹೊತ್ತವನೇ ಹಿಮದಡಿ ಸಿಕ್ಕಿಕೊಂಡರೆ ಏನು ಮಾಡುವುದೆಂದು ಯೋಚಿಸಬೇಕು.

ಎರಡನೇ ಸಲ ಹತ್ತುವಾಗ ಸ್ಕಿನ್ ಅಂಟಲೇ ಇಲ್ಲ. ಏನು ತಪ್ಪಾಯಿತು?

ಅಂಟಿನ ಮೇಲೆ ಹಿಮ ಕೂತಿದೆ, ಇಲ್ಲವೇ ಅಂಟು ತಣ್ಣಗಾಗಿದೆ. ತುದಿಯಲ್ಲಿ ಗಾಳಿ ಬೀಸುತ್ತಿರುವಾಗ ಸ್ಕಿನ್ನನ್ನು ಒಂದೇ ಸಲಕ್ಕೆ ಎಳೆದು ತೆಗೆದರೆ ಅದು ಬಾವುಟದಂತೆ ಹಾರಾಡಿ ಹಿಮದ ಪುಡಿಯನ್ನೆಲ್ಲ ಮೆತ್ತಿಕೊಳ್ಳುತ್ತದೆ. ಬೆನ್ನನ್ನು ಗಾಳಿಗೆ ಕೊಟ್ಟು ನಿಂತು, ಅರ್ಧದಷ್ಟು ಬಿಡಿಸಿ ಅದನ್ನು ಅದರ ಮೇಲೆಯೇ ಮಡಚಿ, ಆಮೇಲೆ ಉಳಿದರ್ಧವನ್ನು ಬಿಡಿಸಬೇಕು. ಬಿಡಿಸಿದ್ದನ್ನು ಬ್ಯಾಗಿಗೆ ತುಂಬದೆ ಜಾಕೆಟ್ಟಿನ ಒಳಗೆ, ಹೊಟ್ಟೆಯ ಹತ್ತಿರ ಇಟ್ಟುಕೊಂಡು ಇಳಿಯಿರಿ. ಮತ್ತೆ ಅಂಟಿಸುವ ಮುನ್ನ ಸ್ಕೀಯ ಅಡಿಯನ್ನು ಕೈಗವಸಿನಿಂದಲ್ಲ, ಒಣ ಬಟ್ಟೆಯಿಂದ ಒರೆಸಿ. ಅಷ್ಟಾದರೂ ಹಿಂಭಾಗ ಬಿಟ್ಟುಕೊಂಡರೆ ರಬ್ಬರಿನ ಸ್ಕೀ ಪಟ್ಟಿಯನ್ನು ಅಡ್ಡಲಾಗಿ ಬಿಗಿದು ಆ ದಿನದ ಮಟ್ಟಿಗೆ ಪಾರಾಗಬಹುದು. ಇಂಥ ಎರಡು ಪಟ್ಟಿಗಳು ನನ್ನ ಸ್ಕೀ ಕೋಲಿಗೆ ಸದಾ ಸುತ್ತಿರುತ್ತವೆ.

ಎಷ್ಟು ಬಟ್ಟೆ ಹಾಕಿಕೊಳ್ಳಬೇಕು? ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಬೇಕಾ?

ಹೊರಡುವಾಗ ಸ್ವಲ್ಪ ಚಳಿಯಾಗುವಷ್ಟು ಮಾತ್ರ. ದಪ್ಪ ಜಾಕೆಟ್ ಹಾಕಿಕೊಂಡು ಹೊರಟವರು ಹತ್ತೇ ನಿಮಿಷದಲ್ಲಿ ಬೆವರಿ, ನಿಂತಾಗ ಆ ಬೆವರಿನಿಂದಲೇ ನಡುಗುತ್ತಾರೆ. ಹತ್ತಿಯ ಬನಿಯನ್ ಬೇಡ. ಅದು ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆಯ ಅಥವಾ ಸಿಂಥೆಟಿಕ್ ಒಳ ಅಂಗಿ, ಅದರ ಮೇಲೆ ತೆಳು ಪದರಗಳು, ಗಾಳಿ ತಡೆಯುವ ಹೊರಪದರ, ನಿಂತಾಗ ಹಾಕಿಕೊಳ್ಳಲು ಬ್ಯಾಗಿನಲ್ಲಿ ಒಂದು ಬೆಚ್ಚನೆಯ ಜಾಕೆಟ್, ಎರಡು ಜೊತೆ ಕೈಗವಸು ಸಾಕು.

ಸನ್‌ಸ್ಕ್ರೀನ್ ಬೇಕೇ ಬೇಕು. ಹೊಸ ಹಿಮ ನೇರಳಾತೀತ ಕಿರಣಗಳ ಶೇ. 80ರಷ್ಟನ್ನು ಮರಳಿಸಬಲ್ಲದು, ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಆ ಕಿರಣಗಳೂ ಶೇ. 10ರಷ್ಟು ಹೆಚ್ಚುತ್ತವೆ. ಬೆಳಕು ಕೆಳಗಿನಿಂದಲೂ ಬರುವುದರಿಂದ ಗಲ್ಲದ ಅಡಿ ಮತ್ತು ಮೂಗಿನ ಹೊಳ್ಳೆಯ ಅಂಚೂ ಸುಡುತ್ತವೆ. ಕಪ್ಪು ಬಣ್ಣದವರ ಕಣ್ಣಿನ ಪಾರದರ್ಶಕ ಹೊರಪದರಕ್ಕೆ (ಕಾರ್ನಿಯಾ) ಯಾವ ಹೆಚ್ಚುವರಿ ರಕ್ಷಣೆಯೂ ಇಲ್ಲ. ಪಕ್ಕವೂ ಮುಚ್ಚಿರುವ ಕಪ್ಪು ಕನ್ನಡಕವಿಲ್ಲದೆ ಹಿಮದ ಮೇಲೆ ದಿನ ಕಳೆದರೆ, ರಾತ್ರಿ ಕಣ್ಣಿಗೆ ಮರಳು ಎರಚಿದಂತಾಗುತ್ತದೆ.

## ಹ್ಯುಟ್ಟೆಯ ಒಳಗೆ

ಕಾಯ್ದಿರಿಸಬೇಕಾ? ಕ್ಲಬ್ಬಿನ ಸದಸ್ಯತ್ವದಿಂದ ಏನು ಲಾಭ?

ವಾರಾಂತ್ಯಕ್ಕೆ ಕಾಯ್ದಿರಿಸದೆ ಹೋಗುವುದು ಸರಿಯಲ್ಲ. ಬರಲಾಗದಿದ್ದರೆ ತಿಳಿಸದೆ ಉಳಿಯುವುದು ಅದಕ್ಕಿಂತ ತಪ್ಪು. ನೀವು ಬರದಿದ್ದರೆ ಹ್ಯುಟ್ಟೆಯವರು ನೀವು ಹಿಮದಲ್ಲಿ ಸಿಕ್ಕಿಕೊಂಡಿರಬಹುದೆಂದು ಚಿಂತಿಸುತ್ತಾರೆ. ಜರ್ಮನ್ ಅಥವಾ ಆಸ್ಟ್ರಿಯನ್ ಆಲ್ಪೈನ್ ಕ್ಲಬ್ಬಿನ ಸದಸ್ಯರಾಗಲು ಆ ದೇಶದ ಪೌರತ್ವ ಬೇಕಿಲ್ಲ. ಸದಸ್ಯರಿಗೆ ಪ್ರತಿ ರಾತ್ರಿಯ ಬಾಡಿಗೆಯಲ್ಲಿ ರಿಯಾಯಿತಿ ಇದೆ, ಆದರೆ ನಾನು ಸದಸ್ಯತ್ವ ಪಡೆದದ್ದು ಅದಕ್ಕಲ್ಲ. ಆಸ್ಟ್ರಿಯಾದಲ್ಲಿ ಕ್ರೀಡೆಯಲ್ಲಿ ತೊಡಗಿದ್ದಾಗ ಅಪಘಾತವಾಗಿ ಹೆಲಿಕಾಪ್ಟರ್ ಬಂದರೆ ಬಿಲ್ಲು ಸಾವಿರಾರು ಯೂರೋ ಆಗುತ್ತದೆ, ಸಾಮಾನ್ಯ ಆರೋಗ್ಯ ವಿಮೆ ಅದನ್ನು ಕೊಡದಿರಬಹುದು. ಸದಸ್ಯತ್ವದೊಂದಿಗೆ ಬರುವ ವಿಮೆ 25,000 ಯೂರೋವರೆಗಿನ ರಕ್ಷಣಾ ವೆಚ್ಚವನ್ನು ಭರಿಸುತ್ತದೆ.

ಅಲ್ಲಿಯ ರೀತಿ ರಿವಾಜು ಏನು? ಮೊದಲ ಸಲ ಹೋಗುವಾಗ ಸಂಕೋಚ.

ಸ್ಕೀ ಹೊರಗಿನ ಗೂಡಿನಲ್ಲಿ, ಬೂಟು ಮತ್ತು ಸ್ಕಿನ್ ಒಣಗಿಸುವ ಕೋಣೆಯಲ್ಲಿ. ಬೂಟು ಹಾಕಿಕೊಂಡು ಊಟದ ಕೋಣೆಗೆ ಹೋಗುವಂತಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ತೊಡಲು ಚಪ್ಪಲಿಯನ್ನು ಅವರೇ ಇಟ್ಟಿರುತ್ತಾರೆ. ಹಾಸಿಗೆ, ಕಂಬಳಿ ಇರುತ್ತವೆ, ಆದರೆ ತೆಳುಬಟ್ಟೆಯ ಒಳಚೀಲವನ್ನು ನೀವೇ ಒಯ್ಯಬೇಕು. ಹತ್ತು, ಹನ್ನೆರಡು ಜನ ಸಾಲಾಗಿ ಮಲಗುವ ‘ಲಾಗರ್’ನಲ್ಲಿ ಕಿವಿಗೆ ಹತ್ತಿ ಇರಲಿ. ರಾತ್ರಿ ಹತ್ತಕ್ಕೆ ದೀಪ ಆರಿಸಿ ಮೌನ ಪಾಲಿಸಬೇಕು. ಬೆಳಿಗ್ಗೆ ಬೇಗ ಹೊರಡುವವರು ಸಾಮಾನನ್ನು ರಾತ್ರಿಯೇ ಕಟ್ಟಿ ಹೊರಗಿಟ್ಟುಕೊಳ್ಳಬೇಕು. ಕತ್ತಲಲ್ಲಿ ಪ್ಲಾಸ್ಟಿಕ್ ಚೀಲ ಸರಸರ ಎನಿಸುವವರ ಮೇಲೆ ಇಡೀ ಕೋಣೆಗೆ ಬೇಸರ ಬರುತ್ತದೆ.

ಒಣಗಿಸುವ ಕೋಣೆಯಲ್ಲಿ ಮೂವತ್ತು ಜೊತೆ ಒಂದೇ ಬಣ್ಣದ ಸ್ಕಿನ್‌ಗಳು ನೇತಾಡುತ್ತಿರುತ್ತವೆ. ನಿಮ್ಮದಕ್ಕೆ ಹೆಸರು ಬರೆದಿರಿ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಾ?

ಇಲ್ಲ. ಕಾಯ್ದಿರಿಸುವಾಗಲೇ ಹೇಳಿದರೆ ರಾತ್ರಿಯ ಊಟಕ್ಕೆ ಸಸ್ಯಾಹಾರ ಮಾಡಿಕೊಡುತ್ತಾರೆ. ಮೊಟ್ಟೆ ತಿನ್ನುವವರಿಗೆ, ಮೊಟ್ಟೆ ಬೆರೆತ ಹಿಟ್ಟಿನ ಸಣ್ಣ ತುಣುಕುಗಳನ್ನು ಬೇಯಿಸಿ ಚೀಸ್ ಬೆರೆಸಿ ಮೇಲೆ ಹುರಿದ ಈರುಳ್ಳಿ ಉದುರಿಸಿದ ‘ಕೇಸ್‌ಶ್ಪೆಟ್ಸ್‌ಲೆ’, ತುಂಡರಿಸಿದ ಸಿಹಿದೋಸೆಯಂಥ ‘ಕೈಸರ್‌ಶ್ಮಾರ್ನ್’ ಎಲ್ಲೆಡೆಯೂ ಸಿಗುತ್ತವೆ. ಎಚ್ಚರಿಕೆ ಬೇಕಾದದ್ದು ಸೂಪಿನಲ್ಲಿ. ಚೀಸಿನ ಉಂಡೆ ಹಾಕಿದ ಸೂಪು ನೋಡಲು ಸಸ್ಯಾಹಾರವೇ, ಆದರೆ ಅದರ ನೀರು ಬಹುಪಾಲು ದನದ ಮಾಂಸದ ಸಾರು. ಕೇಳಿಯೇ ತಿನ್ನಿ. ನಮ್ಮ ಗುಂಪಿನ ಶಿವಮೊಗ್ಗದ ಗೆಳತಿ ಚಟ್ನಿಪುಡಿಯ ಡಬ್ಬಿಯನ್ನೂ ಅವಲಕ್ಕಿ ಚೂಡಾವನ್ನೂ ತರುತ್ತಾರೆ. ತುದಿಯ ಮೇಲೆ ಚಳಿಗೆ ಕಲ್ಲಾಗುವ ಚಾಕೊಲೇಟ್ ಬಾರಿಗಿಂತ ಚೂಡಾ ಎಷ್ಟೋ ಮೇಲು.

## ಇಳಿಜಾರಿನ ಮೇಲೆ

ತಿರುಗುವಾಗಲೆಲ್ಲ ಬೀಳುತ್ತೇನೆ. ಆ ಕಿಕ್ ಟರ್ನ್ ಬಿಡಿಸಿ ಹೇಳ್ತೀರಾ?

ಕಡಿದಾದ ಇಳಿಜಾರನ್ನು ನೇರವಾಗಿ ಹತ್ತಲಾಗದು. ಘಾಟಿ ರಸ್ತೆಯಂತೆ ಅಡ್ಡಡ್ಡ ಸಾಗಿ ತಿರುವು ತೆಗೆದುಕೊಳ್ಳಬೇಕು. ಆ ತಿರುವಿನಲ್ಲಿ, ಸ್ಕೀಗಳ ಉದ್ದಕ್ಕೆ ಎಡೆಯಿಲ್ಲದಾಗ, ಮಾಡುವುದೇ ಕಿಕ್ ಟರ್ನ್. ಮೊದಲು ಎರಡೂ ಸ್ಕೀಗಳನ್ನು ಮಟ್ಟಸವಾಗಿ ನಿಲ್ಲಿಸಿ, ತುಳಿದು ನೆಲ ಗಟ್ಟಿ ಮಾಡಿಕೊಳ್ಳಿ. ಕೋಲುಗಳನ್ನು ದೇಹದಿಂದ ದೂರ ಊರಿ. ಮೇಲಿನ ಕಾಲನ್ನು ಎತ್ತಿ ಹೊಸ ದಿಕ್ಕಿಗೆ ತಿರುಗಿಸಿ ಇಡಿ. ಈಗ ಎರಡು ಪಾದಗಳೂ ಎದುರು ಬದುರು ದಿಕ್ಕಿಗೆ ನೋಡುತ್ತಿರುತ್ತವೆ. ಹೆಚ್ಚಿನವರು ಇಲ್ಲಿ ಗಾಬರಿಯಾಗಿ ಬೆಟ್ಟದ ಕಡೆಗೆ ವಾಲುತ್ತಾರೆ, ವಾಲಿದೊಡನೆ ಸ್ಕೀಯ ಹಿಡಿತ ತಪ್ಪುತ್ತದೆ. ವಾಲಬೇಡಿ. ಮೇಲಿನ ಸ್ಕೀಯ ಮೇಲೆ ಪೂರ್ತಿ ಭಾರ ಹಾಕಿ ನೇರ ನಿಲ್ಲಿ, ಒಂದು ಉಸಿರು ಎಳೆದುಕೊಳ್ಳಿ. ಆಮೇಲೆ ಕೆಳಗಿನ ಕಾಲನ್ನು ಸ್ವಲ್ಪ ಎತ್ತಿ, ಹಿಮ್ಮಡಿಯಿಂದ ಸ್ಕೀಯನ್ನು ಪಟ್ಟನೆ ತಟ್ಟಿ. ಬೂಟಿನ ತುದಿಯೇ ಕೀಲಾಗಿರುವುದರಿಂದ ಸ್ಕೀಯ ಬಾಲ ಕೆಳಗಿಳಿದು ಮೂತಿ ಮೇಲೇಳುತ್ತದೆ. ಅದು ಮೇಲೆದ್ದ ಆ ಕ್ಷಣದಲ್ಲೇ ಮಂಡಿಯನ್ನು ಹೊರಕ್ಕೆ ತೆರೆದು ಪಾದವನ್ನು ತಿರುಗಿಸಿದರೆ ಸ್ಕೀ ಮೇಲಿನ ಬೂಟಿಗೆ ತಾಗದೆ ಸುತ್ತಿ ಬರುತ್ತದೆ. ತಟ್ಟುವುದು ಮತ್ತು ತಿರುಗಿಸುವುದು ಒಂದೇ ಲಯದಲ್ಲಿರಬೇಕು. ಇದನ್ನು ಹ್ಯುಟ್ಟೆಯ ಹಿಂದಿನ ಸಣ್ಣ ದಿಬ್ಬದಲ್ಲಿ ಐವತ್ತು ಸಲ ಮಾಡಿ. ಕೆಳಗೆ ಬಂಡೆಯಿರುವ ಇಳಿಜಾರಿನಲ್ಲಿ ಕಲಿಯಲು ಹೋಗಬೇಡಿ.

ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಹೇಗೆ ಲೆಕ್ಕ ಹಾಕುತ್ತೀರಿ?

ಗಂಟೆಗೆ 400 ಮೀಟರ್ ಎತ್ತರ, 4 ಕಿಲೋಮೀಟರ್ ದೂರ ಎಂದು ಹಿಡಿದು ಎರಡು ಸಮಯಗಳನ್ನು ಬೇರೆ ಬೇರೆ ಲೆಕ್ಕ ಮಾಡಿ, ದೊಡ್ಡದಕ್ಕೆ ಚಿಕ್ಕದರ ಅರ್ಧವನ್ನು ಕೂಡಿಸಿ. 1,000 ಮೀಟರ್ ಹತ್ತುವಿಕೆಗೆ ಎರಡೂವರೆ ಗಂಟೆ, 6 ಕಿಲೋಮೀಟರಿಗೆ ಒಂದೂವರೆ ಗಂಟೆ, ಅಂದರೆ ಒಟ್ಟು ಮೂರೂಕಾಲು ಗಂಟೆ. ಹೊಸಬರಿದ್ದರೆ ಗಂಟೆಗೆ 300 ಮೀಟರ್ ಎಂದು ಹಿಡಿಯಿರಿ. ವಿಶ್ರಾಂತಿ ಇದರಲ್ಲಿ ಸೇರಿಲ್ಲ.

ಹಿಮಕುಸಿತದ ವರದಿಯಲ್ಲಿ ‘3’ ಎಂದಿದ್ದರೆ ಐದರಲ್ಲಿ ಮೂರು, ಅಂದರೆ ಮಧ್ಯಮ ತಾನೆ?

ಅಲ್ಲ. ಈ ತಪ್ಪು ತಿಳಿವಳಿಕೆ ಜೀವಕ್ಕೆ ಎರವಾಗುತ್ತದೆ. ಯುರೋಪಿನ ಅಪಾಯದ ಮಾಪನದಲ್ಲಿ ಐದು ಹಂತಗಳಿವೆ ನಿಜ, ಆದರೆ ಅಪಾಯ ಮೆಟ್ಟಿಲು ಮೆಟ್ಟಿಲಾಗಿ ಏರುವುದಿಲ್ಲ, ಪ್ರತಿ ಹಂತಕ್ಕೂ ಹಲವು ಪಟ್ಟು ಹೆಚ್ಚುತ್ತದೆ. 3 ಎಂದರೆ ‘ಗಣನೀಯ’. ಆಲ್ಪ್ಸ್‌ನಲ್ಲಿ ಅತಿ ಹೆಚ್ಚು ಸಾವುಗಳು ಸಂಭವಿಸುವುದು ಈ ಹಂತದ ದಿನಗಳಲ್ಲೇ. 4 ಮತ್ತು 5ರ ದಿನಗಳು ಕಡಿಮೆ, ಆಗ ಹೆಚ್ಚಿನವರು ಹೊರಡುವುದೂ ಇಲ್ಲ. 3ರ ದಿನ ಆಕಾಶ ನೀಲಿಯಾಗಿರುತ್ತದೆ, ಹೊಸ ಹಿಮ ಕರೆಯುತ್ತಿರುತ್ತದೆ.

ಟಿರೋಲ್, ದಕ್ಷಿಣ ಟಿರೋಲ್ ಮತ್ತು ಟ್ರೆಂಟಿನೊ ಪ್ರಾಂತ್ಯಗಳು 2018ರಿಂದ ಒಟ್ಟಾಗಿ ಹೊರಡಿಸುವ ವರದಿ ಚಳಿಗಾಲದಲ್ಲಿ ಪ್ರತಿ ಸಂಜೆ ಐದಕ್ಕೆ ಬರುತ್ತದೆ. ಅದರಲ್ಲಿ ಅಂಕಿಯನ್ನಷ್ಟೇ ನೋಡಿ ಮುಚ್ಚಿಡಬೇಡಿ. ಅಪಾಯ ಯಾವ ಎತ್ತರದ ಮೇಲೆ, ಯಾವ ದಿಕ್ಕಿಗೆ ಮುಖಮಾಡಿದ ಇಳಿಜಾರುಗಳಲ್ಲಿ, ಯಾವ ಕಾರಣದಿಂದ ಎಂಬುದನ್ನು ಓದಿ. ಕಾರಣಗಳು ಐದು: ಹೊಸ ಹಿಮ, ಗಾಳಿ ಹೊತ್ತು ತಂದ ಹಿಮ, ಹಳೆಯ ಹಿಮದೊಳಗಿನ ದುರ್ಬಲ ಪದರ, ಒದ್ದೆ ಹಿಮ, ನೆಲದ ಮೇಲೆಯೇ ಜಾರುವ ಹಿಮ. ಗಾಳಿಯ ಹಿಮವನ್ನು ಅನುಭವಿಗಳು ಕಣ್ಣಿನಿಂದ ಗುರುತಿಸಬಲ್ಲರು. ಹಳೆಯ ದುರ್ಬಲ ಪದರ ಯಾರ ಕಣ್ಣಿಗೂ ಬೀಳುವುದಿಲ್ಲ. ವರದಿಯಲ್ಲಿ ಅದು ಕಂಡ ದಿನ ನಾವು ಚರ್ಚೆಯನ್ನೇ ಮಾಡದೆ ಸೌಮ್ಯ ಇಳಿಜಾರುಗಳನ್ನು ಆರಿಸಿಕೊಳ್ಳುತ್ತೇವೆ.

ಕುಸಿತ ಬಹುಮಟ್ಟಿಗೆ 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲಿ ಆಗುವುದರಿಂದ, ಕಲಿಯುವವರಿಗೆ ಹೇಳಿಕೊಡುವ ಮೂಲ ನಿಯಮ ಹೀಗಿದೆ: 2ರ ದಿನ 40 ಡಿಗ್ರಿಯ ಕೆಳಗೆ, 3ರ ದಿನ 35ರ ಕೆಳಗೆ, 4ರ ದಿನ 30ರ ಕೆಳಗೆ ಇರಬೇಕು. 3ರ ದಿನ ನೀವು ನಡೆಯುವ ಗೆರೆಯನ್ನಷ್ಟೇ ಅಳೆದರೆ ಸಾಲದು, ಆ ಇಡೀ ಇಳಿಜಾರಿನ ಅತಿ ಕಡಿದಾದ ಭಾಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿಮ ‘ವುಮ್’ ಎಂದು ಸದ್ದು ಮಾಡಿತು. ಅದೇನು?

ಅದು ನಿಮ್ಮ ಕಾಲಡಿಯ ದುರ್ಬಲ ಪದರ ಕುಸಿದ ಸದ್ದು. ಮೇಲೆ ಗಟ್ಟಿಯಾದ ಹಾಸು, ಅಡಿಯಲ್ಲಿ ಸಕ್ಕರೆಯಂತೆ ಬಿಡಿಬಿಡಿಯಾದ ಹರಳುಗಳು. ನಿಮ್ಮ ಭಾರಕ್ಕೆ ಆ ಹರಳುಗಳು ಕುಸಿದಾಗ ನಡುವಿನ ಗಾಳಿ ಹೊರಬೀಳುತ್ತದೆ, ಬಿರುಕು ಕಣ್ಣಿಗೆ ಕಾಣದಂತೆ ಹಾಸಿನಡಿ ಹತ್ತಾರು ಮೀಟರ್ ಓಡುತ್ತದೆ. ನೀವು ನಿಂತ ನೆಲ ಮಟ್ಟಸವಾಗಿದ್ದು, ಹತ್ತಿರದಲ್ಲಿ ಕಡಿದಾದ ಇಳಿಜಾರೂ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಕಡಿದಾಗಿದ್ದರೆ ಇಡೀ ಹಾಸು ನಿಮ್ಮೊಂದಿಗೆ ಹೊರಡಬಹುದು.

ಒಂದು ಮಾರ್ಚಿನಲ್ಲಿ ನಾವು 3,288 ಮೀಟರ್ ಎತ್ತರದ ವಿಲ್ಡೆಸ್ ಹಿಂಟರ್‌ಬೆರ್ಗ್‌ಲ್ ಶಿಖರಕ್ಕೆಂದು ಹೊರಟಿದ್ದೆವು. ಹ್ಯುಟ್ಟೆಯಿಂದ ಒಂದು ಗಂಟೆ ನಡೆದಿರಬೇಕು. ಸೌಮ್ಯವಾದ ಒಂದು ತಗ್ಗಿನಲ್ಲಿ ಆ ಸದ್ದು ಕೇಳಿತು. ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯುವ ಸದ್ದು ಅದು. ಮುಂದೆ ಹತ್ತು ಮೀಟರ್ ದೂರದಲ್ಲಿದ್ದ ಗೆಳೆಯನ ಕೋಲಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಹಿಮದ ಮೇಲೆ ಮೂಡಿತ್ತು. ಅವನು ಏನೂ ಹೇಳದೆ ಸ್ಕೀ ತಿರುಗಿಸಿದ. ನಾವೂ ಬಂದ ಜಾಡಿನಲ್ಲೇ ತಿರುಗಿದೆವು.

ಆಪ್ತ ಗೆಳೆಯರ ಜೊತೆ ಹೋದರೆ ಹೆಚ್ಚು ಸುರಕ್ಷಿತ ಅಲ್ಲವೇ? ಮುಂದೆ ಹೋಗಬೇಕೋ ಬೇಡವೋ ಎಂದು ಯಾರು ಹೇಳುವುದು?

ಈ ಪುಟದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಪ್ರಶ್ನೆ ಇದು. ಹಿಮಕುಸಿತದಲ್ಲಿ ಸಿಕ್ಕಿಕೊಳ್ಳುವ ಸ್ಕೀಯರ್‌ಗಳ ಪೈಕಿ ಸುಮಾರು ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಅದನ್ನು ಕೆಡವಿದ್ದು ಅವರೇ, ಇಲ್ಲವೇ ಅವರ ಗುಂಪಿನವರೇ. ಅಂದರೆ ಕೊನೆಗೆ ಪ್ರಶ್ನೆ ನಿಂತಿರುವುದು ನಮ್ಮ ತೀರ್ಮಾನಗಳ ಮೇಲೆ. ಗೆಳೆಯರ ಗುಂಪಿನಲ್ಲಿ ತೀರ್ಮಾನ ಕೆಡುವ ಬಗೆ ವಿಚಿತ್ರವಾದದ್ದು. ಅಪರಿಚಿತ ಗೈಡ್‌ಗೆ ‘ನನಗೆ ಭಯವಾಗುತ್ತಿದೆ’ ಎನ್ನುವುದು ಸುಲಭ. ಆರು ವಾರ ಮೊದಲೇ ರಜೆ ಹೊಂದಿಸಿಕೊಂಡು, ರೈಲು ಹಿಡಿದು ಬಂದ ಗೆಳೆಯರಿಗೆ ಅದನ್ನು ಹೇಳುವುದು ಕಷ್ಟ. ನಮ್ಮ ಕಡೆಯವರಿಗೆ ದಾಕ್ಷಿಣ್ಯ ಇನ್ನೂ ಹೆಚ್ಚು.

ನಮ್ಮ ಹುಬ್ಬಳ್ಳಿಯ ಗೆಳೆಯ ಒಂದು ಏಪ್ರಿಲ್‌ನಲ್ಲಿ ಹಿಮ್ಮಡಿಯ ಗುಳ್ಳೆ ಒಡೆದಿದ್ದರೂ ಎರಡು ಗಂಟೆ ಯಾರಿಗೂ ಹೇಳಲಿಲ್ಲ. ಅವನ ನಡಿಗೆ ನಿಧಾನವಾಯಿತು, ನಾವು ಕಾದೆವು, ಬೆಳಿಗ್ಗೆ ಹತ್ತೂವರೆಗೆ ಇಳಿಯಬೇಕಾದವರು ಒಂದೂವರೆಗೆ ಇಳಿದೆವು. ಅಷ್ಟು ಹೊತ್ತಿಗೆ ಬಿಸಿಲಿಗೆ ಮುಖಮಾಡಿದ ಇಳಿಜಾರು ಮಂಡಿಯವರೆಗೆ ಹೂತುಹೋಗುವಷ್ಟು ಒದ್ದೆಯಾಗಿತ್ತು, ಪಕ್ಕದ ಬಂಡೆಗಳಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳುತ್ತಿದ್ದವು. ಯಾರಿಗೂ ಏನೂ ಆಗಲಿಲ್ಲ. ಆ ಸಂಜೆ ಅವನ ಗುಳ್ಳೆಗೆ ಪಟ್ಟಿ ಕಟ್ಟುತ್ತ, ಮೊದಲೇ ಹೇಳಿದ್ದರೆ ಅಲ್ಲಿಂದಲೇ ತಿರುಗಿ ಹಿತವಾದ ಫಿರ್ನ್‌ನಲ್ಲಿ ಇಳಿಯುತ್ತಿದ್ದೆವಲ್ಲ ಎಂದಾಗ, ‘ನಿಮ್ಮ ದಿನ ಹಾಳಾಗಬಾರದು ಅಂತ’ ಎಂದ.

ಅಂದಿನಿಂದ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಯಾರಾದರೂ ಒಬ್ಬರು ‘ಇವತ್ತು ಬೇಡ’ ಎಂದರೆ ಇಡೀ ಗುಂಪು ತಿರುಗುತ್ತದೆ. ಕಾರಣ ಕೇಳುವಂತಿಲ್ಲ, ಒಪ್ಪಿಸಲು ಯತ್ನಿಸುವಂತಿಲ್ಲ. ಜೊತೆಗೆ, ಸಂಜೆ ಐದರ ವರದಿ ಓದಿದ ಮೇಲೆ ಮರುದಿನಕ್ಕೆ ಎರಡು ಗುರಿ ಇಟ್ಟುಕೊಳ್ಳುತ್ತೇವೆ, ಎರಡನೆಯದು ಯಾವಾಗಲೂ ಸೌಮ್ಯವಾದದ್ದು. ತಿರುಗಬೇಕಾದ ಗಂಟೆಯನ್ನೂ ರಾತ್ರಿಯೇ ಬರೆದಿಡುತ್ತೇವೆ. ತುದಿ ಕಣ್ಣೆದುರು ಕಾಣುತ್ತಿರುವಾಗ ಆ ಗಂಟೆಯನ್ನು ನಿಶ್ಚಯಿಸಲು ಯಾರಿಂದಲೂ ಆಗುವುದಿಲ್ಲ. ದಾರಿಯಲ್ಲಿ ಪ್ರತಿ ಗಂಟೆಗೊಮ್ಮೆ ನಿಂತು ಎಲ್ಲರೂ ಒಂದೊಂದು ಮಾತು ಹೇಳಬೇಕು, ಎಲ್ಲರಿಗಿಂತ ಕಡಿಮೆ ಅನುಭವವಿರುವವರು ಮೊದಲು. ಅನುಭವಿ ಮೊದಲು ಮಾತಾಡಿದರೆ ಉಳಿದವರು ತಲೆಯಾಡಿಸಿಬಿಡುತ್ತಾರೆ.

## ಮುಂದಿನ ಹಂತದ ಪ್ರಶ್ನೆಗಳು

ಕಣ್ಣೆದುರೇ ಗೆಳೆಯ ಹಿಮದಡಿ ಹೂತುಹೋದರೆ ಏನು ಮಾಡಬೇಕು? ಸಹಾಯ ಬರುವವರೆಗೆ ಕಾಯಬೇಕಾ?

ಕಾಯುವಂತಿಲ್ಲ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ. ಆಮೇಲೆ ಆ ಪ್ರಮಾಣ ಕಡಿದಾಗಿ ಇಳಿಯುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ. ಉಳಿಸುವವರು ನೀವೇ.

ಅವರು ಕೊನೆಯದಾಗಿ ಕಂಡ ಜಾಗವನ್ನು ಕಣ್ಣಲ್ಲಿ ಹಿಡಿದಿಟ್ಟುಕೊಳ್ಳಿ. ಮೇಲಿನಿಂದ ಇನ್ನೂ ಹಿಮ ಬರುವಂತಿದೆಯೇ ನೋಡಿ. ಒಬ್ಬರು 112ಕ್ಕೆ, ಆಸ್ಟ್ರಿಯಾದಲ್ಲಾದರೆ ಪರ್ವತ ರಕ್ಷಣೆಯ 140ಕ್ಕೆ, ಕರೆ ಮಾಡಲಿ. ಕರೆ ಮಾಡುವವರೂ ಸೇರಿ ಎಲ್ಲರೂ ತಮ್ಮ ಟ್ರಾನ್ಸೀವರನ್ನು ಹುಡುಕುವ ಸ್ಥಿತಿಗೆ ತರಬೇಕು. ಒಬ್ಬರದು ಕಳುಹಿಸುವ ಸ್ಥಿತಿಯಲ್ಲೇ ಉಳಿದರೂ ಎಲ್ಲರೂ ಅವರನ್ನೇ ಹುಡುಕಿದಂತಾಗುತ್ತದೆ. ಎಲ್ಲ ಸಾಧನಗಳೂ 457 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ ಕೆಲಸ ಮಾಡುವುದರಿಂದ ಯಾವ ಕಂಪನಿಯದ್ದಾದರೂ ಅಡ್ಡಿಯಿಲ್ಲ. ಮೊಬೈಲನ್ನು ಹುಡುಕುವ ಸಾಧನದಿಂದ ಅರ್ಧ ಮೀಟರ್ ದೂರವಿಡಿ. ಸಂಕೇತ ಸಿಕ್ಕ ಮೇಲೆ ಬಾಣದ ಗುರುತನ್ನು ಹಿಂಬಾಲಿಸಿ. ಅಂಕಿ ಮೂರರ ಹತ್ತಿರ ಬಂದಾಗ ಸಾಧನವನ್ನು ಹಿಮದ ಮೇಲ್ಮೈಗೆ ತಾಗುವಷ್ಟು ಕೆಳಗೆ ಹಿಡಿದು, ನಿಧಾನವಾಗಿ, ಅಡ್ಡ ಮತ್ತು ಉದ್ದ ಸರಿಸಿ ಅತಿ ಚಿಕ್ಕ ಅಂಕಿಯ ಜಾಗವನ್ನು ಹುಡುಕಿ. ಅಲ್ಲಿಂದ ಸುರುಳಿಯಾಗಿ ಇಪ್ಪತ್ತೈದು ಸೆಂಟಿಮೀಟರಿಗೊಮ್ಮೆ ಶೋಧನೆಯ ಕೋಲನ್ನು ಇಳಿಜಾರಿಗೆ ಲಂಬವಾಗಿ ಚುಚ್ಚಿ. ದೇಹ ತಾಗಿದರೆ ಕೈಗೆ ತಿಳಿಯುತ್ತದೆ. ಕೋಲನ್ನು ಹೊರಗೆಳೆಯಬೇಡಿ. ಅದರ ಕೆಳಬದಿಯಿಂದ ಅಡ್ಡಕ್ಕೆ ಅಗೆಯುತ್ತ ಹೋಗಿ. ನೇರ ಮೇಲಿನಿಂದ ಬಾವಿ ತೋಡಿದಂತೆ ಅಗೆದರೆ ಹಿಮ ಹಾಕಲು ಜಾಗ ಸಿಗುವುದಿಲ್ಲ. ನಿಂತ ಹಿಮ ಸಿಮೆಂಟಿನಂತೆ ಗಟ್ಟಿಯಾಗಿರುತ್ತದೆ, ಒಂದು ಮೀಟರ್ ಆಳದಲ್ಲಿರುವವರನ್ನು ತೆಗೆಯಲು ಒಂದು ಟನ್ನಿನಷ್ಟು ಹಿಮ ಸರಿಸಬೇಕಾಗಬಹುದು. ಮುಖ ಸಿಕ್ಕಿದೊಡನೆ ಬಾಯಿ ಮೂಗಿನ ಹಿಮ ತೆಗೆಯಿರಿ, ಉಸಿರಿಲ್ಲದಿದ್ದರೆ ಅಲ್ಲೇ ಕೃತಕ ಉಸಿರಾಟ ಆರಂಭಿಸಿ.

ಇದನ್ನು ಓದಿ ಕಲಿಯಲಾಗದು. ಪ್ರತಿ ನವೆಂಬರ್‌ನಲ್ಲಿ ನಾವು ಹುಲ್ಲುಗಾವಲಿನಲ್ಲಿ ಒಂದು ಟ್ರಾನ್ಸೀವರನ್ನು ಚೀಲದಲ್ಲಿ ಕಟ್ಟಿ ಅಡಗಿಸಿಟ್ಟು ಸಮಯ ಹಿಡಿದು ಹುಡುಕುತ್ತೇವೆ.

ದಾರಿಯಲ್ಲಿ ಹಿಮನದಿ ಇದ್ದರೆ ಹಗ್ಗ ಬೇಕಾ? ಎಲ್ಲರೂ ಹಗ್ಗವಿಲ್ಲದೆ ಹೋಗುವುದನ್ನು ನೋಡಿದ್ದೇನೆ.

ಮೂರು ಸಾವಿರ ಮೀಟರ್ ದಾಟಿದ ಸ್ಟುಬಾಯ್ ಶಿಖರಗಳಲ್ಲಿ ಹಲವಕ್ಕೆ ಹಿಮನದಿಯ ಮೇಲೆಯೇ ದಾರಿ. ದಪ್ಪ ಹಿಮ ಬಿದ್ದ ಮಾರ್ಚ್‌ನಲ್ಲಿ ಹಿಮನದಿಯ ಆಳವಾದ ಬಿರುಕುಗಳ ಮೇಲಿನ ಹಿಮದ ಸೇತುವೆ ಗಟ್ಟಿಯಾಗಿರುತ್ತದೆ, ಸ್ಕೀ ಭಾರವನ್ನು ಹಂಚುವುದರಿಂದ ನಡೆದು ಹೋಗುವವರಿಗಿಂತ ಸ್ಕೀಯವರಿಗೆ ಅಪಾಯ ಕಡಿಮೆ ಎಂಬುದೂ ನಿಜ. ಆದರೆ ಸೊಂಟಪಟ್ಟಿ ತೊಟ್ಟಿರದೆ, ಹಗ್ಗ ಬ್ಯಾಗಿನಲ್ಲಿರದೆ, ಬಿರುಕಿನಿಂದ ಮೇಲೆತ್ತುವ ವಿಧಾನ ಕನಿಷ್ಠ ಇಬ್ಬರಿಗೆ ತಿಳಿದಿರದೆ ನಾವು ಹಿಮನದಿಯ ಮೇಲೆ ಕಾಲಿಡುವುದಿಲ್ಲ. ಹೊಸಬರು ಜೊತೆಗಿದ್ದಾಗ ಹಿಮನದಿಯಿಲ್ಲದ, ಅರ್ಧ ದಿನಕ್ಕೆ ಸಾಕಾಗುವ ಫೋರ್ಡೆರೆ ಸೊಮ್ಮರ್‌ವಾಂಡ್‌ನಂಥ ಗುರಿಯನ್ನು ಆರಿಸುತ್ತೇವೆ. ಅದೂ ನೆರಳಿನ ಬದಿಯ ಇಳಿಜಾರು, ವರದಿ ಒಪ್ಪಿದ ದಿನ ಮಾತ್ರ.

ಹ್ಯುಟ್ಟೆ ಮುಚ್ಚಿರುವಾಗಲೂ ಅಲ್ಲಿ ಉಳಿಯಬಹುದು ಅಂತಾರೆ, ನಿಜವಾ?

ಹಲವು ಹ್ಯುಟ್ಟೆಗಳಲ್ಲಿ ಹಂಗಾಮಿಲ್ಲದಾಗಲೂ ಬಳಸಬಹುದಾದ ಚಳಿಗಾಲದ ಕೋಣೆ ಇರುತ್ತದೆ. ಕೆಲವು ತೆರೆದೇ ಇರುತ್ತವೆ, ಕೆಲವಕ್ಕೆ ಕ್ಲಬ್ಬಿನಿಂದ ಠೇವಣಿ ಕೊಟ್ಟು ಬೀಗದ ಕೈ ಪಡೆಯಬೇಕು. ಒಲೆ, ಸೌದೆ, ಪಾತ್ರೆ, ಕಂಬಳಿ ಸಾಮಾನ್ಯವಾಗಿ ಇರುತ್ತವೆ. ನೀರಿರುವುದಿಲ್ಲ, ಹಿಮ ಕರಗಿಸಬೇಕು. ನಾಲ್ವರಿಗೆ ರಾತ್ರಿಗೂ ಬೆಳಿಗ್ಗೆಗೂ ಬೇಕಾದ ನೀರನ್ನು ಕರಗಿಸಲು ಎರಡು ಗಂಟೆ ಹಿಡಿಯುತ್ತದೆ, ಆದ್ದರಿಂದ ಬೆಳಕಿರುವಾಗಲೇ ತಲುಪಿ. ಬಾಗಿಲು ಹಿಮದಲ್ಲಿ ಹೂತಿರಬಹುದು, ಸಲಿಕೆ ಬ್ಯಾಗಿನ ಮೇಲ್ಭಾಗದಲ್ಲೇ ಇರಲಿ. ಹೊರಡುವಾಗ ಬಾಡಿಗೆಯ ಹಣವನ್ನು ಪೆಟ್ಟಿಗೆಗೆ ಹಾಕಿ, ಬೂದಿಯನ್ನು ತೆಗೆದು, ಒಲೆ ಹೊತ್ತಿಸುವಷ್ಟು ಸೌದೆಯನ್ನು ಸಣ್ಣಗೆ ಸೀಳಿ ಒಲೆಯ ಪಕ್ಕ ಇಟ್ಟು, ಮುಂದೆ ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದನ್ನು ಅಲ್ಲಿಯ ಪುಸ್ತಕದಲ್ಲಿ ಬರೆದು ಬಾಗಿಲನ್ನು ಭದ್ರವಾಗಿ ಎಳೆದುಕೊಳ್ಳಬೇಕು.